ಡ್ರೈವರ್ ಇಳಿದ ಮೇಲೆ ಉಳಿದ ಕೆಲಸಗಳು: ಸೆಲ್ಫ್ ಡ್ರೈವಿಂಗ್ ಗಾಡಿಯೊಂದರ 8 ತಿಂಗಳ ಪ್ರಕರಣ

ಒಂದು ದೊಡ್ಡ ಕ್ಯಾಂಪಸ್‌ನಲ್ಲಿ ಡ್ರೈವರ್ ಇಲ್ಲದ ಗಾಡಿ ಓಡಿಸಿ ನೋಡಿದರು. ಅದರ ಸುರಕ್ಷತಾ ಸಮಿತಿಯಲ್ಲಿ ನಾನೂ ಇದ್ದೆ. ಯಾರ ಗುರುತೂ ಸಿಗಬಾರದು ಅಂತ ಜಾಗ, ಕಂಪನಿ, ಜನರ ವಿವರಗಳನ್ನು ಅಲ್ಲಲ್ಲಿ ಬದಲಾಯಿಸಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳನ್ನು, ಎಡವಿದ ಜಾಗಗಳನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ಕ್ಯಾಂಪಸ್ ಅಂದರೆ ಒಂದು ಸಣ್ಣ ಊರೇ. ಲ್ಯಾಬ್‌ಗಳು, ಹಾಸ್ಟೆಲ್‌ಗಳು, ಒಂದು ಆಸ್ಪತ್ರೆ. ಎಲ್ಲವನ್ನೂ ಸುತ್ತಿ ಬರುವ 4 ಕಿಲೋಮೀಟರಿನ ರಸ್ತೆ. ಆ ರಸ್ತೆಯಲ್ಲಿ ಎರಡು ಮಿನಿ ಬಸ್ಸುಗಳು ಓಡಾಡುತ್ತಿದ್ದವು. ಹಗಲಿನಲ್ಲಿ ತೊಂದರೆ ಇರಲಿಲ್ಲ. ರಾತ್ರಿ ಪಾಳಿಗೆ ಡ್ರೈವರುಗಳು ಸಿಗುತ್ತಿರಲಿಲ್ಲ. ಇದ್ದವರೇ ಡಬಲ್ ಡ್ಯೂಟಿ ಮಾಡುತ್ತಿದ್ದರು.

ಒಂದು ದಿನ ಬೆಳಗಿನ ಜಾವ ಡ್ರೈವರಿಗೆ ಜೊಂಪು ಹತ್ತಿತು. ಬಸ್ಸು ಫುಟ್‌ಪಾತ್ ಹತ್ತಿ ದೀಪದ ಕಂಬಕ್ಕೆ ಗುದ್ದಿ ನಿಂತಿತು. ಒಳಗಿದ್ದವರು ಒಬ್ಬರೇ ನರ್ಸ್. ಅವರಿಗೆ ಏನೂ ಆಗಲಿಲ್ಲ. ಆದರೆ ಕಂಬ ಇದ್ದ ಜಾಗದಲ್ಲಿ ಯಾರಾದರೂ ನಿಂತಿದ್ದರೆ ಅನ್ನುವ ಪ್ರಶ್ನೆ ಎಲ್ಲರ ತಲೆಯಲ್ಲೂ ಕೂತುಬಿಟ್ಟಿತು.

ಅದಾದ ಮೇಲೆ ಬಂದದ್ದು ಸೆಲ್ಫ್ ಡ್ರೈವಿಂಗ್ ಪ್ರಸ್ತಾಪ. ವಾದ ಸರಳ. ಯಂತ್ರಕ್ಕೆ ನಿದ್ದೆ ಬರಲ್ಲ, ಅದು ಕುಡಿಯಲ್ಲ, ಸಿಟ್ಟಿನಲ್ಲಿ ಓವರ್‌ಟೇಕ್ ಮಾಡಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಹೇಳುತ್ತದೆ. ಅದರಲ್ಲಿ ಮನುಷ್ಯರ ತಪ್ಪಿನ ಪಾಲು ದೊಡ್ಡದು. ಹಾಗಾಗಿ ಈ ವಾದವನ್ನು ತಳ್ಳಿಹಾಕುವ ಹಾಗಿರಲಿಲ್ಲ. ನಾನೂ ಒಪ್ಪಿದೆ.

ಕಂಪನಿಯವರು ಪರದೆಯ ಮೇಲೆ ಹಳೆಯ ಚಿತ್ರಗಳನ್ನು ತೋರಿಸಿದರು. 2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಡ್ರೈವರ್ ಇಲ್ಲದ ಗಾಡಿಗಳ ರೇಸ್ ಇಟ್ಟಿತ್ತು. ಸುಮಾರು 240 ಕಿಲೋಮೀಟರ್ ದಾರಿ. ಎಲ್ಲರಿಗಿಂತ ಮುಂದೆ ಹೋದ ಗಾಡಿಯೂ 12 ಕಿಲೋಮೀಟರ್ ಮುಟ್ಟಲಿಲ್ಲ. ಮರುವರ್ಷದ ರೇಸಿನಲ್ಲಿ, ಬೇರೆ ದಾರಿಯಲ್ಲಿ, ಐದು ಗಾಡಿಗಳು ಕೊನೆ ಮುಟ್ಟಿದವು. ಎಷ್ಟು ಬೇಗ ಕಲಿತವು ನೋಡಿ ಅಂದರು. ನನ್ನ ಪಕ್ಕ ಕೂತಿದ್ದ ಹಿರಿಯ ಡ್ರೈವರ್ ಕಿವಿ ಹತ್ತಿರ ಬಗ್ಗಿ, ‘ಮರಳುಗಾಡಲ್ಲಿ ಫೋನ್ ನೋಡ್ಕೊಂಡು ರಸ್ತೆ ದಾಟೋರು ಯಾರು ಸಾರ್?’ ಅಂದರು. ನಾನು ನಕ್ಕು ಸುಮ್ಮನಾದೆ. ಆ ಪ್ರಶ್ನೆಯನ್ನು ಅವತ್ತೇ ಬರೆದುಕೊಂಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಏನು ತಂದೆವು

12 ಸೀಟಿನ ಗಾಡಿ. ಹೆಚ್ಚೆಂದರೆ ಗಂಟೆಗೆ 20 ಕಿಲೋಮೀಟರ್ ವೇಗ. ಸ್ಟೀರಿಂಗ್ ಇಲ್ಲ. ಸುತ್ತಲೂ ಕ್ಯಾಮೆರಾ, ರೇಡಾರ್, ಮತ್ತೆ ಲೈಡಾರ್. ಲೈಡಾರ್ ಅಂದರೆ ಲೇಸರ್ ಕಿರಣ ಬಿಟ್ಟು, ಅದು ಬಡಿದು ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುವ ಸಾಧನ. ಕತ್ತಲಲ್ಲೂ ಕೆಲಸ ಮಾಡುತ್ತದೆ.

ಇಂಥ ಗಾಡಿಗಳನ್ನು 0ಯಿಂದ 5ರವರೆಗೆ ಆರು ಲೆವೆಲ್‌ಗಳಲ್ಲಿ ಅಳೆಯುತ್ತಾರೆ. ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಮಾಡಿದ ಪಟ್ಟಿ ಅದು. ಈಗ ರಸ್ತೆಯಲ್ಲಿ ಕಾಣುವ ‘ತಾನೇ ಓಡುವ’ ಕಾರುಗಳಲ್ಲಿ ಜಾಸ್ತಿ ಲೆವೆಲ್ 2. ಅಂದರೆ ಕಾರು ಲೇನ್ ಹಿಡಿದು ಹೋಗುತ್ತದೆ, ವೇಗ ನೋಡಿಕೊಳ್ಳುತ್ತದೆ, ಆದರೆ ಕಣ್ಣು ನಿಮ್ಮದೇ ಇರಬೇಕು, ತಪ್ಪಾದರೆ ಹೊಣೆಯೂ ನಿಮ್ಮದೇ. ನಮ್ಮದು ಲೆವೆಲ್ 4. ಮ್ಯಾಪ್ ಮಾಡಿಕೊಟ್ಟ ದಾರಿಯೊಳಗೆ ಎಲ್ಲವನ್ನೂ ಗಾಡಿಯೇ ನೋಡಿಕೊಳ್ಳಬೇಕು. ಕೈಮೀರಿದರೆ ಅದೇ ಸುರಕ್ಷಿತವಾಗಿ ನಿಲ್ಲಬೇಕು. ಆದರೂ ಮೊದಲ ತಿಂಗಳುಗಳಲ್ಲಿ ಒಳಗೆ ಒಬ್ಬ ಸಹಾಯಕ ಇರಲಿ ಅಂದೆವು. ಹಳೆಯ ಡ್ರೈವರುಗಳನ್ನೇ ಆ ಕೆಲಸಕ್ಕೆ ಹಾಕಿದೆವು. ಅವರ ಕೈಯಲ್ಲಿ ಒಂದು ಕೆಂಪು ಬಟನ್, ಒಂದು ಹಸಿರು ಬಟನ್. ಕೆಂಪು ಒತ್ತಿದರೆ ನಿಲ್ಲುತ್ತದೆ. ಏನೋ ಅಡ್ಡ ಇದೆ ಅಂತ ಗಾಡಿ ತಾನಾಗೇ ನಿಂತಾಗ, ‘ಏನಿಲ್ಲ, ಹೋಗು’ ಅನ್ನುವುದಕ್ಕೆ ಹಸಿರು.

ಮೊದಲ ವಾರಗಳು ಚೆನ್ನಾಗಿದ್ದವು. ಹಂಪ್ ಹತ್ತಿರ ನಿಧಾನ, ಆಸ್ಪತ್ರೆ ಮುಂದೆ ನಿಧಾನ, ಪ್ರತಿ ಸಲವೂ ಅಷ್ಟೇ ನಿಧಾನ. ಜನ ದಾಟಲು ಕಾಲಿಟ್ಟರೆ ತಪ್ಪದೆ ನಿಲ್ಲುತ್ತಿತ್ತು. ರಾತ್ರಿ 3 ಗಂಟೆಗೂ ಹಗಲು 3 ಗಂಟೆಗೂ ವ್ಯತ್ಯಾಸವೇ ಇರಲಿಲ್ಲ. ನಾವು ಬಯಸಿದ್ದೂ ಅದನ್ನೇ ಅಲ್ವಾ?

ಮೊದಲ ಪೆಟ್ಟು: ಗಕ್ಕನೆ ಬ್ರೇಕ್

ಎರಡನೇ ತಿಂಗಳಲ್ಲಿ ಗಾಳಿಯ ಕಾಲ ಶುರುವಾಯಿತು. ಒಣ ಎಲೆ ಹಾರಿ ಬಂದರೂ ಗಾಡಿ ಗಕ್ಕನೆ ಬ್ರೇಕ್ ಹಾಕುತ್ತಿತ್ತು. ಆಸ್ಪತ್ರೆಯ ಹಿಂಬದಿಯ ಪೈಪಿನಿಂದ ಬರುವ ಆವಿಯನ್ನು ಗೋಡೆ ಅಂದುಕೊಳ್ಳುತ್ತಿತ್ತು. ಜೋರು ಮಳೆ ಬಂದರೆ ಹನಿಗಳಲ್ಲೇ ಏನೋ ಕಾಣಿಸಿ ತಡೆದು ತಡೆದು ಹೋಗುತ್ತಿತ್ತು. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್. ಕೇಳಲು ಕಡಿಮೆ. ಒಳಗೆ ಸೀಟಿನ ಅಂಚಿನಲ್ಲಿ ಕೂತವರನ್ನು ಬೀಳಿಸಲು ಅಷ್ಟು ಸಾಕು.

ಹಾಗೇ ಆಯಿತು. ಆಸ್ಪತ್ರೆಗೆ ಹೊರಟಿದ್ದ ಒಬ್ಬ ವಯಸ್ಸಾದ ಹೆಂಗಸು ಮುಂದಕ್ಕೆ ಮುಗ್ಗರಿಸಿದರು. ಮಣಿಕಟ್ಟು ಮುರಿಯಿತು. ರೆಕಾರ್ಡಿಂಗ್ ತೆಗೆದು ನೋಡಿದರೆ ಅಡ್ಡ ಬಂದದ್ದು ಒಂದು ಪ್ಲಾಸ್ಟಿಕ್ ಚೀಲ. ಗಾಳಿಗೆ ಉಬ್ಬಿಕೊಂಡು, ಮೊಣಕಾಲಿನ ಎತ್ತರಕ್ಕೆ ಎದ್ದು, ಉರುಳಿಕೊಂಡು ಹೋಯಿತು. ಅಷ್ಟೇ.

ಕಂಪನಿಯ ಸಲಹೆ ತಕ್ಷಣ ಬಂತು. ಸಣ್ಣ, ಹಗುರ ವಸ್ತುಗಳಿಗೆ ಬ್ರೇಕ್ ಹಾಕದ ಹಾಗೆ ಸೂಕ್ಷ್ಮತೆ ಕಡಿಮೆ ಮಾಡೋಣ ಅಂದರು. ಸಾಫ್ಟ್‌ವೇರ್ ಬದಲಾವಣೆ, ಒಂದು ಮಧ್ಯಾಹ್ನದ ಕೆಲಸ. ಸಮಿತಿಯಲ್ಲಿ ಅರ್ಧ ಜನ ಒಪ್ಪಿಬಿಟ್ಟಿದ್ದರು.

ನಾನು ಒಪ್ಪಲಿಲ್ಲ. ಕಾರಣ 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ ನಡೆದದ್ದು. ಸೈಕಲ್ ತಳ್ಳಿಕೊಂಡು ರಾತ್ರಿ ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಪರೀಕ್ಷಾ ಕಾರು ಗುದ್ದಿತು. ಆಕೆ ತೀರಿಕೊಂಡರು. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರಿಗೆ ಆಕೆ ಕಂಡಿದ್ದರು. ಆದರೆ ಕಾರು ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಬೇರೇನೋ, ಒಮ್ಮೆ ಸೈಕಲ್. ಹೆಸರು ಬದಲಾದಾಗೆಲ್ಲ ಆಕೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರು ಅನ್ನುವ ಲೆಕ್ಕ ಮೊದಲಿನಿಂದ ಶುರುವಾಗುತ್ತಿತ್ತು. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತ್ತು. ಗಾಡಿ ಸುಮ್ನೆ ಸುಮ್ನೆ ಬ್ರೇಕ್ ಹಾಕಬಾರದು ಅಂತ, ಕಂಪ್ಯೂಟರ್ ಓಡಿಸುವಾಗ ತುರ್ತು ಬ್ರೇಕ್ ಕೆಲಸ ಮಾಡದ ಹಾಗೆ ಅಲ್ಲಿ ಮಾಡಿದ್ದರು.

ಹಗ್ಗವನ್ನು ಹಾವು ಅಂದುಕೊಂಡರೆ ಒಂದು ಕೂಗಿನಲ್ಲಿ ಮುಗಿಯುತ್ತದೆ. ಹಾವನ್ನು ಹಗ್ಗ ಅಂದುಕೊಂಡರೆ? ನಮ್ಮ ರಸ್ತೆಯಲ್ಲಿ ಮೊಣಕಾಲೆತ್ತರದ ವಸ್ತು ಚೀಲವೂ ಆಗಬಹುದು, ಬಗ್ಗಿ ಚೆಂಡು ಎತ್ತಿಕೊಳ್ಳುವ ಮಗುವೂ ಆಗಬಹುದು.

ಎರಡು ಸಭೆಗಳ ಜಗಳದ ನಂತರ ಸೂಕ್ಷ್ಮತೆಯನ್ನು ಮುಟ್ಟಲಿಲ್ಲ. ರಸ್ತೆಯನ್ನು ಮುಟ್ಟಿದೆವು. ಬಾಗಿದ ಕೊಂಬೆಗಳನ್ನು ಕಡಿಸಿದೆವು, ಆವಿಯ ಪೈಪಿನ ಬಾಯಿ ತಿರುಗಿಸಿದೆವು, ಕಸದ ಡಬ್ಬಿಗಳಿಗೆ ಮುಚ್ಚಳ ಹಾಕಿಸಿದೆವು. ಸೀಟ್ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಹೊರಡಬೇಕು ಅಂದೆವು. ಗಾಳಿ ಜಾಸ್ತಿ ಇರುವ ಕಡೆ ವೇಗ 15ಕ್ಕೆ ಇಳಿಸಿದೆವು. ಬ್ರೇಕ್ ಗಲಾಟೆ ಪೂರ್ತಿ ನಿಲ್ಲಲಿಲ್ಲ, ಆದರೆ ಮತ್ತೆ ಯಾರೂ ಬೀಳಲಿಲ್ಲ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಗಾಡಿ ನಮ್ಮ ರಸ್ತೆಗೆ ಹೊಂದಿಕೊಳ್ಳುತ್ತದೆ ಅಂತ ತಂದಿದ್ದೆವು, ಕೊನೆಗೆ ರಸ್ತೆಯನ್ನೇ ಗಾಡಿಗೆ ಹೊಂದಿಸಿದೆವು.

ಎರಡನೇ ತಿರುವು: ಹಸಿರು ಬಟನ್

ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಗಾಡಿ ಒಂದು ತಿರುವಿನಲ್ಲಿ ನಿಂತಿತು. ಸಹಾಯಕ ತಲೆ ಎತ್ತದೆ ಹಸಿರು ಬಟನ್ ಒತ್ತಿದ. ಗಾಡಿ ಒಂದು ಮೀಟರ್ ಮುಂದೆ ಹೋಗಿ ಮತ್ತೆ ನಿಂತಿತು. ಮುಂದೆ ಒಬ್ಬ ತೋಟದ ಕೆಲಸಗಾರ ಕುಕ್ಕುರುಗಾಲಲ್ಲಿ ಕೂತು ನೀರಿನ ಪೈಪ್ ಜೋಡಿಸುತ್ತಿದ್ದ. ಗಾಡಿಗೆ ಅವನ ಬೆನ್ನು ಕಂಡಿತ್ತು. ಸಹಾಯಕನಿಗೆ ಕಂಡಿರಲಿಲ್ಲ, ಯಾಕೆಂದರೆ ಅವನು ನೋಡಲೇ ಇಲ್ಲ.

ಕ್ಯಾಮೆರಾ ದೃಶ್ಯ ನೋಡಿ ಎಲ್ಲರೂ ಕೆಂಡವಾದರು. ಕೆಲಸದಿಂದ ತೆಗೆಯಿರಿ ಅನ್ನುವ ಮಾತು ಬಂತು. ತೆಗೆಯುವ ಮುನ್ನ ಒಂದು ದಿನ ಅವನ ಜೊತೆ ಕೂತು ನೋಡೋಣ ಅಂತ ನಾನು ಮತ್ತು ಇನ್ನೊಬ್ಬ ಸದಸ್ಯೆ ಹೋದೆವು.

ಒಂದು ಪಾಳಿಯಲ್ಲಿ ಗಾಡಿ 40ಕ್ಕೂ ಹೆಚ್ಚು ಸಲ ನಿಂತಿತು. ಎಲೆ, ನೆರಳು, ಹಕ್ಕಿ, ಏನೂ ಇಲ್ಲ, ಮತ್ತೆ ಎಲೆ. ಪ್ರತಿ ಸಲವೂ ಅವನು ಹಸಿರು ಒತ್ತಬೇಕು. ಮಧ್ಯದಲ್ಲಿ ಬೇರೆ ಕೆಲಸವೇ ಇಲ್ಲ. ಒಂದೂವರೆ ಗಂಟೆ ಆಗುವ ಹೊತ್ತಿಗೆ ನಾನೂ ರಸ್ತೆ ನೋಡುವುದನ್ನು ಬಿಟ್ಟಿದ್ದೆ. ಇದು ನನಗೇ ನಾಚಿಕೆ ತಂದ ಸಂಗತಿ. ತೋಳ ಬಂತು ತೋಳ ಅಂತ ದಿನಕ್ಕೆ 40 ಸಲ ಕೂಗುವವರ ಮಾತಿಗೆ ಯಾರು ಓಡಿ ಬರುತ್ತಾರೆ?

ಇದು ಹೊಸ ವಿಷಯವೂ ಅಲ್ಲ. 1948ರಲ್ಲೇ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಒಂದು ಪ್ರಯೋಗ ಪ್ರಕಟಿಸಿದ್ದರು. ಗಡಿಯಾರದಂಥ ಸಾಧನದಲ್ಲಿ ಮುಳ್ಳು ಅಪರೂಪಕ್ಕೆ ಎರಡು ಹೆಜ್ಜೆ ಜಿಗಿಯುತ್ತದೆ, ಅದನ್ನು ಗುರುತಿಸಬೇಕು. ಮೊದಲ ಅರ್ಧ ಗಂಟೆಯಲ್ಲೇ ಜನರ ಗಮನ ಇಳಿಯಲು ಶುರುವಾಗುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಮನುಷ್ಯನ ಕೈಲಾಗದ ಕೆಲಸ. ಸುಲಭದ್ದನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಷ್ಟದ ಗಳಿಗೆಗಳನ್ನು ಮಾತ್ರ ಮನುಷ್ಯನಿಗೆ ಉಳಿಸುವ ತಮಾಷೆಯ ಬಗ್ಗೆ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಡ್ಜ್ 1983ರಲ್ಲಿ ಬರೆದಿದ್ದರು. ಟೆಂಪಿಯ ಕಾರಿನಲ್ಲೂ ಒಬ್ಬರು ಸುರಕ್ಷತಾ ಚಾಲಕಿ ಕೂತಿದ್ದರು. ಅವರ ಕಣ್ಣು ಫೋನಿನಲ್ಲಿತ್ತು. ಅವರ ತಪ್ಪು ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಂಥ ಕುರ್ಚಿಯನ್ನು ಮಾಡಿಟ್ಟವರ ತಪ್ಪೂ ಇದೆ ಅನ್ನುತ್ತಿದ್ದೇನೆ.

ಸಹಾಯಕನನ್ನು ತೆಗೆಯಲಿಲ್ಲ. ಬಟನ್ ತೆಗೆದೆವು. ಹಸಿರು ಬಟನ್ನನ್ನು ಒಳಗಿನಿಂದ ಕಿತ್ತು ಗಾಡಿಯ ಮುಂಭಾಗದಲ್ಲಿ, ಹೊರಗೆ ಹಾಕಿಸಿದೆವು. ಈಗ ಗಾಡಿ ನಿಂತರೆ ಸಹಾಯಕ ಕೆಳಗಿಳಿದು, ಮುಂದೆ ಹೋಗಿ, ಏನಿದೆ ಅಂತ ನೋಡಿಯೇ ಒತ್ತಬೇಕು. ಪ್ರಯಾಣಿಕರು ಬೈದರು. ಟ್ರಿಪ್ ನಿಧಾನವಾಯಿತು. ಆದರೆ ನಾವು ಎಣಿಸದ ಒಂದು ಲಾಭ ಆಯಿತು. ಸುಳ್ಳು ನಿಲುಗಡೆಗಳಿಂದ ಟ್ರಿಪ್ ತಡವಾಗುವುದು ಲೆಕ್ಕಕ್ಕೆ ಬಂದಾಗ, ಕಂಪನಿ ಅವುಗಳ ಕಾರಣ ಹುಡುಕಲು ಶುರುಮಾಡಿತು. ಅಲ್ಲಿಯವರೆಗೆ ಆ ತಪ್ಪನ್ನೆಲ್ಲ ಸಹಾಯಕನ ಹೆಬ್ಬೆರಳು ನುಂಗಿಕೊಳ್ಳುತ್ತಿತ್ತು.

ಯಾರೂ ಇಲ್ಲದ ಎರಡು ವಾರ

ಆರನೇ ತಿಂಗಳಿಗೆ ನಿಲುಗಡೆಗಳು ಪಾಳಿಗೆ ನಾಲ್ಕೈದಕ್ಕೆ ಇಳಿದವು. ಇನ್ನು ಸಹಾಯಕ ಬೇಡ, ದೂರದ ಕೋಣೆಯಿಂದ ಒಬ್ಬರು ಪರದೆಯಲ್ಲಿ ನೋಡಿಕೊಂಡರೆ ಸಾಕು ಅನ್ನುವ ಹಂತ ಬಂತು. ರಾತ್ರಿ ಮಾತ್ರ, ಎರಡು ವಾರ ಅಂತ ಒಪ್ಪಿದೆವು. ನಾನೂ ಕೈ ಎತ್ತಿದೆ. ಆ ಕೈ ಎತ್ತಿದ್ದು ಈಗ ತಪ್ಪು ಅನಿಸುತ್ತದೆ.

ಈ ಗಾಡಿಗೆ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವನು ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ. ರಾತ್ರಿ ಲ್ಯಾಬ್‌ನಿಂದ ಹಾಸ್ಟೆಲ್‌ಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ ಅಂತ ಅವನೇ ನಮಗೆ ಪತ್ರ ಬರೆದಿದ್ದ. ಸೆಲ್ಫ್ ಡ್ರೈವಿಂಗ್‌ನ ದೊಡ್ಡ ಲಾಭ ಅಂತ ನನ್ನನ್ನು ಕೇಳಿದರೆ ಇವತ್ತೂ ಅವನ ಪತ್ರವನ್ನೇ ತೋರಿಸುತ್ತೇನೆ. ಗಾಡಿ ಓಡಿಸಲು ಆಗದವರಿಗೆ ಅದು ಸ್ವಾತಂತ್ರ್ಯ.

ಸಹಾಯಕ ಇಲ್ಲದ ಮೂರನೇ ರಾತ್ರಿ ಅವನು ನಿಲ್ದಾಣದಲ್ಲಿ ನಿಂತಿದ್ದ. ಗಾಡಿ ಬಂತು. ಬ್ಯಾಟರಿ ಗಾಡಿ, ಸದ್ದಿಲ್ಲ. ಎಂದಿಗಿಂತ ಎರಡು ಮೀಟರ್ ಹಿಂದೆ ನಿಂತಿತು. ಬಾಗಿಲು ತೆರೆಯಿತು, 20 ಸೆಕೆಂಡ್ ಕಾಯಿತು, ಮುಚ್ಚಿತು, ಹೊರಟುಹೋಯಿತು. ಅವನು ಕೋಲು ಮುಂದೆ ಮಾಡಿಕೊಂಡು ಸದ್ದು ಬಂದ ಕಡೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟದ್ದು ಕ್ಯಾಮೆರಾದಲ್ಲಿದೆ. ಮೊದಲು ‘ಈ ಕಡೆ ಬಾರಪ್ಪ’ ಅನ್ನುವ ಒಂದು ದನಿ ಇರುತ್ತಿತ್ತು. ಆ ದನಿ ಯಾವ ಡ್ರೈವರಿನ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಹಾಗಾಗಿ ಯಂತ್ರಕ್ಕೂ ಯಾರೂ ಹೇಳಿರಲಿಲ್ಲ.

ಆಮೇಲೆ ಒಂದೊಂದೇ ಹೊರಬಂದವು. ವೀಲ್‌ಚೇರ್ ಇಳಿಸುವ ಹಲಗೆ ಫುಟ್‌ಪಾತಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಹಳೆಯ ಬಸ್ಸಿನಲ್ಲೂ ಕೂರುತ್ತಿರಲಿಲ್ಲ, ಡ್ರೈವರ್ ಇಳಿದು ಕಾಲಿನಿಂದ ಒತ್ತುತ್ತಿದ್ದರು. ರಾತ್ರಿ ಒಬ್ಬಂಟಿಯಾಗಿ ಬರುವ ಹೆಣ್ಣುಮಕ್ಕಳು, ಒಳಗೆ ಗುರುತಿಲ್ಲದ ಒಬ್ಬ ಗಂಡಸು ಕೂತಿದ್ದರೆ ಹತ್ತದೆ ಮುಂದಿನ ಗಾಡಿಗೆ ಕಾಯುತ್ತಿದ್ದರು. ಕ್ಯಾಮೆರಾ ಇದೆಯಲ್ಲ ಅಂತ ನಮ್ಮಲ್ಲೊಬ್ಬರು ಅಂದರು. ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ, ಆಗುವುದನ್ನು ತಡೆಯಲ್ಲ ಅಂತ ಸಮಿತಿಯ ಸದಸ್ಯೆ ಖಾರವಾಗಿ ಹೇಳಿದರು.

ಎಲ್ಲಕ್ಕೂ ಕೊನೆ ಹಾಡಿದ್ದು ಆಂಬುಲೆನ್ಸ್. ಹನ್ನೊಂದನೇ ರಾತ್ರಿ, ಆಸ್ಪತ್ರೆಗೆ ಹೋಗುವ ಕಿರಿದಾದ ದಾರಿಯಲ್ಲಿ ಎದುರಿನಿಂದ ಆಂಬುಲೆನ್ಸ್ ಬಂತು. ಗಾಡಿ ಅದನ್ನು ಗುರುತಿಸಿತು, ಕಲಿಸಿದ ಹಾಗೇ ನಿಂತಿತು. ಎಲ್ಲಿ? ದಾರಿಯ ನಡುವೆ. ನಿಯಮದ ಪ್ರಕಾರ ಸರಿ, ಜಾಗದ ಪ್ರಕಾರ ತಪ್ಪು. ಡ್ರೈವರ್ ಆಗಿದ್ದರೆ ಎಡಗಡೆ ಚಕ್ರಗಳನ್ನು ಹುಲ್ಲಿನ ಮೇಲೆ ಇಳಿಸಿ ದಾರಿ ಬಿಡುತ್ತಿದ್ದರು. ಹುಲ್ಲು ಮ್ಯಾಪಿನಲ್ಲಿ ರಸ್ತೆ ಅಲ್ಲ. ದೂರದ ಕೋಣೆಯಲ್ಲಿದ್ದವರು ನೋಡಿ, ಅನುಮತಿ ಪಡೆದು, ಹಿಂದಕ್ಕೆ ತೆಗೆಸುವಷ್ಟರಲ್ಲಿ ನಾಲ್ಕು ನಿಮಿಷ. ಒಳಗಿದ್ದ ರೋಗಿಗೆ ಅವತ್ತು ತೊಂದರೆ ಆಗಲಿಲ್ಲ. ಅದು ನಮ್ಮ ಪುಣ್ಯ, ನಮ್ಮ ಜಾಣತನ ಅಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಗ್ನಿಶಾಮಕ ದಳದವರು ರೋಬೋ ಟ್ಯಾಕ್ಸಿಗಳ ಬಗ್ಗೆ ಇದೇ ಥರದ ದೂರು ಹೇಳಿದ್ದನ್ನು ನಾವು ಓದಿದ್ದೆವು. ಓದಿಯೂ ನಮ್ಮ ದಾರಿಗೆ ಅದು ಬರಲ್ಲ ಅಂದುಕೊಂಡಿದ್ದೆವು.

ಮರುದಿನ ಬೆಳಗ್ಗೆ ಆ ಪ್ರಯೋಗ ನಿಲ್ಲಿಸಿದೆವು.

ಈಗ ಹೇಗಿದೆ, ಏನು ಕಲಿತೆವು

ಗಾಡಿಯನ್ನು ವಾಪಸ್ ಕಳಿಸಲಿಲ್ಲ. ರಾತ್ರಿ ಲ್ಯಾಬ್ ಮತ್ತು ಹಾಸ್ಟೆಲ್ ನಡುವಿನ ನೇರ ದಾರಿಯಲ್ಲಿ ಅದು ಓಡುತ್ತಿದೆ, ಒಳಗೆ ಸಹಾಯಕರ ಜೊತೆ. ಸ್ಟೀರಿಂಗ್ ಹಿಡಿಯಬೇಕಿಲ್ಲದ ಕಾರಣ ಅವರಿಗೆ ಆಯಾಸ ಕಡಿಮೆ. ಜೊಂಪು ಹತ್ತಿದರೂ ಗಾಡಿ ಕಂಬಕ್ಕೆ ಗುದ್ದಲ್ಲ. ಆಸ್ಪತ್ರೆಯ ದಾರಿಗೆ ಮಾತ್ರ ಹಳೆಯ ಬಸ್ಸು, ಡ್ರೈವರ್ ಸಮೇತ ಮರಳಿತು.

ಸಂಬಳ ಉಳಿಯುತ್ತದೆ ಅನ್ನುವ ಲೆಕ್ಕ ಕೈಕೊಟ್ಟಿತು. ಡ್ರೈವರ್ ಜಾಗಕ್ಕೆ ಪರದೆ ನೋಡುವವರು ಬಂದರು, ಸೆನ್ಸರ್ ಒರೆಸುವವರು ಬಂದರು. ಒಂದು ಕಟ್ಟಡಕ್ಕೆ ಬಣ್ಣ ಬಳಿಯಲು ಸಾರುವೆ ಕಟ್ಟಿದರೂ ಮ್ಯಾಪ್ ತಿದ್ದುವವರು ಬರಬೇಕಾಯಿತು. ಇಂಥ ಪ್ರಯೋಗಕ್ಕೆ ಇಳಿಯುವವರು ಹಣ ಉಳಿಸುವುದನ್ನೇ ಮೊದಲ ಕಾರಣ ಮಾಡಿಕೊಳ್ಳಬೇಡಿ. ನಿದ್ದೆಗೆಟ್ಟ ಡ್ರೈವರ್ ಅನ್ನುವ ಕಾರಣ ಗಟ್ಟಿಯಾಗಿತ್ತು, ಅದು ಕೊನೆಯವರೆಗೂ ನಿಂತಿತು.

ಮತ್ತೆ ಶುರುಮಾಡುವ ಹಾಗಿದ್ದರೆ ನಾನು ಮೊದಲ ದಿನ ಮಾಡುವ ಕೆಲಸವೇ ಬೇರೆ. ಗಾಡಿ ನೋಡಲು ಹೋಗುವುದಿಲ್ಲ. ಒಂದು ವಾರ ಹಳೆಯ ಬಸ್ಸಿನಲ್ಲಿ ಕೂತು, ಡ್ರೈವರ್ ಸ್ಟೀರಿಂಗ್ ತಿರುಗಿಸುವುದು ಬಿಟ್ಟು ಇನ್ನೇನೇನು ಮಾಡುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ನಾವು ಅದನ್ನು ಮಾಡಿದ್ದು ಎಂಟನೇ ತಿಂಗಳಲ್ಲಿ. ಮರುಭೂಮಿಯ ಬಗ್ಗೆ ಕೇಳಿದ್ದ ಆ ಹಿರಿಯ ಡ್ರೈವರಿಗೇ ಪೆನ್ನು ಹಾಳೆ ಕೊಟ್ಟೆವು. ಎರಡು ದಿನ ಬಿಟ್ಟು 31 ಸಾಲು ಬರೆದು ತಂದರು. ದಾಟುವವರ ಕಣ್ಣು ನೋಡಿ ತಲೆ ಆಡಿಸುವುದು. ವಾಂತಿ ಬರುವ ಮಗು ಇದ್ದರೆ ತಿರುವಿನಲ್ಲಿ ಇನ್ನೂ ನಿಧಾನ. ಆಸ್ಪತ್ರೆಯಿಂದ ಅಳುತ್ತಾ ಹತ್ತಿದವರನ್ನು ಮಾತಾಡಿಸದೆ ಬಿಡುವುದು.

ಕಂಪನಿಯ ಎಂಜಿನಿಯರ್ ಆ ಹಾಳೆಯನ್ನು ಕೇಳಿ ಇಸಿದುಕೊಂಡರು. ಎಷ್ಟೋ ಸಾಲುಗಳ ಮುಂದೆ ಟಿಕ್ ಹಾಕಿ, ಮಾಡಬಹುದು ಅಂದರು. ದನಿಯ ಸೂಚನೆ ಆಗಲೇ ಬಂದಿದೆ. ನಿಲ್ದಾಣದಲ್ಲಿ ಬಾಗಿಲ ಹತ್ತಿರ ಒಂದು ಸಣ್ಣ ಗಂಟೆ ಬಾರಿಸುತ್ತದೆ, ಆ ಹುಡುಗ ಅದರ ಜಾಡು ಹಿಡಿದು ಹತ್ತುತ್ತಾನೆ. 31ನೇ ಸಾಲು ಹೀಗಿತ್ತು: ‘ಬಾಗಿಲು ಹಾಕಿದ ಮೇಲೂ ಕನ್ನಡೀಲಿ ಒಂದ್ಸಲ ನೋಡೋದು, ಯಾರಾದ್ರೂ ಓಡಿ ಬರ್ತಿದ್ರೆ ನಿಲ್ಲೋದು.’ ಅದರ ಮುಂದೆ ಅವರು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಗಾಡಿ ಈಗಲೂ 20 ಸೆಕೆಂಡಿಗೆ ಹೊರಡುತ್ತದೆ.